ಉಪ್ಪು ತಿಂದ ಸಸಿಗೆ ಮುಂಗಡ ಕೊಡಬೇಕೋ ಬ್ಯಾಡೋ?

ಪ್ರಶ್ನೆ: ಎರಡು ಎಕರೆ ನಿಂಬಿ ಅದ. ಬೋರಿನ ನೀರು ವರ್ಷದಿಂದ ವರ್ಷಕ್ಕ ಸವಳಾಗಾಕತ್ತದ. ಎಲಿ ತುದಿ ಸುಟ್ಟಂಗ ಆಗಿ ಉದುರತಾವ, ಮೂರು ಎಲಿ ಇಟ್ಟೀನಿ ನೋಡ್ರಿ. ಮೊನ್ನೆ ಒಬ್ಬರು ಬಂದು, ‘ಟಿಶ್ಯೂ ಕಲ್ಚರಿನಾಗ ಉಪ್ಪು ತಿನ್ನಿಸಿ ಬೆಳೆಸಿದ ಸಸಿ, ಸವಳು ನೀರಿಗೂ ಜಗ್ಗೂದಿಲ್ಲ’ ಅಂತ ಮುಂಗಡ ಕೇಳ್ಯಾರ. ಕೊಡಬೇಕೋ ಬ್ಯಾಡೋ, ಅಕ್ಕಾರ?
— ಒಬ್ಬ ರೈತ, ಇಂಡಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಕೊಡಬೇಡಿ.

ಅವರ ಮಾತಿನಲ್ಲಿ ಒಂದೆಳೆ ನಿಜ ಇದೆ. ಇಸ್ರೇಲಿನ ವೋಲ್ಕಾನಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೊಚ್ಬಾ, ಬೆನ್-ಹಯ್ಯಿಮ್ ಮತ್ತವರ ಜೊತೆಗಾರರು 1980ರ ದಶಕದ ಮೊದಲಲ್ಲೇ ಸೀಸೆಯೊಳಗೆ ಕೋಶಗಳನ್ನು ಬೆಳೆಸಿ (ಅದೇ ಟಿಶ್ಯೂ ಕಲ್ಚರ್) ಇದನ್ನು ಮಾಡಿದ್ದರು. ಶಾಮೂತಿ ಕಿತ್ತಳೆಯ ಅಂಡಕದಿಂದ (ಮುಂದೆ ಬೀಜವಾಗುವ ಭಾಗ) ಬೆಳೆಸಿದ ಕೋಶಗಳ ಮುದ್ದೆ, ಅಂದರೆ ಕ್ಯಾಲಸ್‌ನಲ್ಲಿ, ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿದ್ದರೂ ಬೆಳೆಯುವ ಕೋಶಗಳನ್ನು ಆರಿಸಿದರು. ಸಮುದ್ರದ ನೀರಿನ ಉಪ್ಪಿನಲ್ಲಿ ಅದು ಮೂರರಲ್ಲೊಂದು ಪಾಲು! ಉಪ್ಪಿಲ್ಲದ ಸೀಸೆಗಳಲ್ಲಿ ನಾಲ್ಕು ಸುತ್ತು ಬೆಳೆಸಿ ಮತ್ತೆ ಉಪ್ಪಿಗೆ ಹಾಕಿದರೂ ಆ ಗುಣ ಹೋಗಲಿಲ್ಲ.

ನಾನೂ 22 ವರ್ಷ ಲ್ಯಾಬಿನಲ್ಲಿ ಸೀಸೆ ತೊಳೆದು, ಕ್ಯಾಲಸ್ ಸಾಕಿದವಳು. ಉಪ್ಪು ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲಿಟ್ಟು ಮೂರು ವಾರಕ್ಕೆ ನೋಡಿದರೆ ಮುಕ್ಕಾಲು ಪಾಲು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಮೂಲೆಯಲ್ಲೆಲ್ಲೋ ರವೆ ಕಾಳಿನಷ್ಟು ಬಿಳಿ ಚೂರು. ಅದನ್ನು ಚಿಮಟದಲ್ಲಿ ಎತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದೆ.

ಇಸ್ರೇಲಿನ ಆ ಕೋಶಗಳು ಉಪ್ಪನ್ನು ಒಳಗೇ ಹೆಚ್ಚು ಬಿಟ್ಟುಕೊಳ್ಳುತ್ತಿರಲಿಲ್ಲ. ಅವನ್ನು ಬೆಳೆಸುವ ಮಾಧ್ಯಮದಿಂದ ಕ್ಯಾಲ್ಸಿಯಂ ತೆಗೆದರೆ ಮಾತ್ರ ಉಪ್ಪಿನೆದುರು ಸೋತುಹೋಗುತ್ತಿದ್ದವು. ಅಡುಗೆ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟಾಗಲೂ ಕುಗ್ಗಿದವು, ಒಳಗೆ ಕ್ಲೋರೈಡ್ (ಎರಡೂ ಉಪ್ಪಿನಲ್ಲಿರುವ ಅಂಶ) ತುಂಬಿಕೊಂಡಿತ್ತು.

ಈಗ ನಿಮ್ಮ ಗೊಬ್ಬರದ ಚೀಲ ತಿರುಗಿಸಿ ನೋಡಿ. ಎಂಒಪಿ ಎಂದಿದೆಯೇ? ಅದು ಪೊಟ್ಯಾಸಿಯಂ ಕ್ಲೋರೈಡೇ. ಬೋರಿನ ಸವಳಿನ ಮೇಲೆ ನಾವೇ ಇನ್ನಷ್ಟು ಕ್ಲೋರೈಡ್ ಸುರಿದಂತೆ. ಎಸ್ಒಪಿ, ಅಂದರೆ ಕ್ಲೋರೈಡ್ ಬದಲು ಸಲ್ಫೇಟ್ ಇರುವ ಪೊಟ್ಯಾಸಿಯಂ ಗೊಬ್ಬರ, ದುಬಾರಿ, ಗೊತ್ತು. ಆದರೂ ನಿಂಬೆಗೆ ಅದನ್ನೇ ಹಾಕಿ.

ಕೋಶ ಗೆದ್ದರೆ ಗಿಡವೂ ಗೆದ್ದಂತಲ್ಲ. ಆ ಕ್ಯಾಲಸ್‌ನಿಂದ ಮುಂದೆ ಪುಟ್ಟ ಸಸಿಗಳನ್ನೂ ಎಬ್ಬಿಸಿದರು, 1989ರಲ್ಲಿ ಅದು ಪ್ರಕಟವಾಯಿತು. ಆದರೆ ಸೀಸೆಯೊಳಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಹೊಲದಲ್ಲಿ ಎಲೆ ದಿನವಿಡೀ ನೀರೆಳೆಯುತ್ತದೆ, ಕ್ಲೋರೈಡೂ ಜೊತೆಗೆ ಏರಿ ತುದಿಯಲ್ಲಿ ಕೂರುತ್ತದೆ. ನೀವು ಕಳಿಸಿದ ಎಲೆಗಳಲ್ಲಿ ತುದಿ ಕಂದು, ನಡುನರ ಇನ್ನೂ ಹಸಿರು. ಅದೇ ಲಕ್ಷಣ. ಅದನ್ನು ಕೆಳಗೇ ತಡೆಯಬೇಕಾದದ್ದು ಬೇರು.

ಆ ಮನುಷ್ಯ ಮತ್ತೆ ಬಂದರೆ ಕೇಳಿ: ‘ಬೇರುಸಸಿ (ಕಸಿಯಲ್ಲಿ ಬೇರು ಕೊಡುವ ಕೆಳಗಿನ ಗಿಡ) ಯಾವುದು? ಸವಳು ನೀರಲ್ಲಿ ಕಾಯಿ ಬಿಟ್ಟ ಮರ ಎಲ್ಲಿದೆ?’ ರಂಗಪುರ ನಿಂಬೆ, ಕ್ಲಿಯೋಪಾತ್ರ ಮ್ಯಾಂಡರಿನ್ ಬೇರುಗಳು ಕ್ಲೋರೈಡನ್ನು ಅಷ್ಟಾಗಿ ಮೇಲಕ್ಕೆ ಬಿಡುವುದಿಲ್ಲ. ಹೊಸದಾಗಿ ಹಚ್ಚುವುದಾದರೆ ಅಂಥ ಬೇರಿನ ಕಸಿಗಿಡ ಹುಡುಕಿ. ಈಗಿರುವ ಮರಗಳಿಗೆ ಸ್ಪ್ರಿಂಕ್ಲರ್ ಬೇಡ, ಎಲೆಯೇ ಉಪ್ಪು ಹೀರುತ್ತದೆ. ಡ್ರಿಪ್ ಇರಲಿ.

ಬೋರಿನ ನೀರು ಪರೀಕ್ಷೆಗೆ ಕೊಡುವಾಗ ಕ್ಲೋರೈಡ್ ಎಷ್ಟೆಂದು ಬರೆಸಿಕೊಂಡು ನನಗೆ ಕಳಿಸಿ. ಮತ್ತೆ ಎಲೆ ಕಳಿಸಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಬೇಡಿ. ಈ ಸಲ ಒಂದಕ್ಕೆ ಬೂಸ್ಟು ಹಿಡಿದಿತ್ತು.