ಎತ್ತರದಲ್ಲಿ ಹಾರುವ ವಲಸೆ ಬೇಟೆ ಹಕ್ಕಿಗಳನ್ನು ಗುರುತು ಹಿಡಿಯೋದು ಹೇಗೆ?

ವಸಂತದಲ್ಲಿ ಉತ್ತರಕ್ಕೆ ಹೊರಟ ಬೇಟೆ ಹಕ್ಕಿಗಳು (ಹದ್ದು, ಗಿಡುಗದಂಥವು) ಬರೀ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ಬಣ್ಣವೇ ಗೊತ್ತಾಗಲ್ಲ ಅಂದಿದ್ದೀರಿ. ಬಣ್ಣ ಕಾಣದಿದ್ದರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಬಝರ್ಡ್ ಎಂಬ ಮಧ್ಯಮ ಗಾತ್ರದ ಬೇಟೆ ಹಕ್ಕಿಗಳಲ್ಲಿ ಒಂದೇ ಜಾತಿಯ ಹಕ್ಕಿ ಬಿಳಿಚಾಗಿಯೂ ಇರುತ್ತದೆ, ಕಡು ಕಂದು ಬಣ್ಣವಾಗಿಯೂ ಇರುತ್ತದೆ. ನಾನು ಮೊದಲು ನೋಡೋದು ಆಕಾರ, ಆಮೇಲೆ ಹಾರುವ ರೀತಿ.

ಅಗಲ ರೆಕ್ಕೆ, ಗಿಡ್ಡ ಬಾಲ, ಸುತ್ತು ಹಾಕುತ್ತಾ ಮೇಲೇರುತ್ತಿದ್ದರೆ ಬಝರ್ಡ್ ಇರಬಹುದು. ಅದಕ್ಕಿಂತ ತುಂಬಾ ದೊಡ್ಡದು, ರೆಕ್ಕೆ ತುದಿಯ ಗರಿಗಳು ಬಿಡಿಬಿಡಿ, ಬಡಿತ ನಿಧಾನ ಅಂದರೆ ಈಗಲ್. ದುಂಡು ರೆಕ್ಕೆ, ಉದ್ದ ಬಾಲ, ನಾಲ್ಕಾರು ಸಲ ಪಟಪಟ ಬಡಿದು ಸ್ವಲ್ಪ ತೇಲಿದರೆ ಸ್ಪ್ಯಾರೋಹಾಕ್ ಜಾತಿ. ಫಾಲ್ಕನ್‌ಗೆ ಚೂಪು ರೆಕ್ಕೆ.

ನಿಜವಾದ ತಲೆನೋವು ಬಝರ್ಡ್ ಮತ್ತು ಹನಿ ಬಝರ್ಡ್ (ಜೇನುಗಿಡುಗ) ನಡುವಿನ ವ್ಯತ್ಯಾಸ. ಹಕ್ಕಿ ನಿಮ್ಮ ಕಡೆಗೇ ಬರುವಾಗ ನೋಡಿ. ಸುತ್ತುವಾಗ ಬಝರ್ಡ್ ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ಹಿಡಿಯುತ್ತದೆ. ಹನಿ ಬಝರ್ಡ್ ಸಮತಟ್ಟಾಗಿ ಚಾಚುತ್ತದೆ, ತೇಲಿ ಹೋಗುವಾಗ ತುದಿ ತುಸು ಕೆಳಗೆ ಬಾಗಿರುತ್ತದೆ. ಅದರ ತಲೆ ಪಾರಿವಾಳದ ತಲೆಯಂತೆ ಚಿಕ್ಕದಾಗಿ ಮುಂದೆ ಚಾಚಿರುತ್ತದೆ, ಬಾಲವೂ ಉದ್ದ. ತಿಂಗಳೂ ಸುಳಿವು ಕೊಡುತ್ತದೆ. ಇಸ್ರೇಲ್‌ನ ಐಲಾತ್‌ನಲ್ಲಿ ಸ್ಟೆಪ್ ಬಝರ್ಡ್‌ಗಳು (ಬಝರ್ಡ್‌ನ ಒಂದು ಉಪಜಾತಿ) ಮಾರ್ಚ್ ಕೊನೆ, ಏಪ್ರಿಲ್ ಶುರುವಿನಲ್ಲಿ ಜಾಸ್ತಿ. ಹನಿ ಬಝರ್ಡ್‌ಗಳ ಭಾರೀ ಗುಂಪುಗಳು ಬರೋದು ಮೇ ತಿಂಗಳಲ್ಲಿ.

ಹುಡುಕೋದಕ್ಕೆ ಬೆಳಿಗ್ಗೆ ತುಂಬಾ ಬೇಗ ಹೋಗಬೇಕಿಲ್ಲ. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಅದರ ಮೇಲೆ ತೇಲಿ ಸಾಗುವ ದೊಡ್ಡ ಹಕ್ಕಿಗಳು ಹೊರಡೋದು ಕಡಿಮೆ. ಸಮುದ್ರದ ಮೇಲೆ ಅಂಥ ಗಾಳಿ ಸಿಗಲ್ಲ. ಅದಕ್ಕೇ ಅವು ಸ್ಪೇನ್ ಮತ್ತು ಮೊರಾಕೊ ನಡುವಿನ ಜಿಬ್ರಾಲ್ಟರ್‌ನಂಥ ಕಿರಿದಾದ ಜಲಸಂಧಿಗಳಲ್ಲಿ ಗುಂಪುಗೂಡಿ ದಾಟುತ್ತವೆ. ಹ್ಯಾರಿಯರ್, ಆಸ್ಪ್ರೇ, ಫಾಲ್ಕನ್‌ನಂಥ ಬೇಟೆ ಹಕ್ಕಿಗಳು ರೆಕ್ಕೆ ಬಡಿದೇ ಸಾಗಬಲ್ಲವು, ಹಾಗಾಗಿ ನೀರಿಗೆ ಅಷ್ಟು ಅಂಜುವುದಿಲ್ಲ. ತಿಳಿ ನೀಲಿ ಆಕಾಶದಲ್ಲಿ ಕಣ್ಣು ನಿಲ್ಲೋದಿಲ್ಲ, ಅಲ್ವಾ? ಬಿಳಿ ಮೋಡದ ಅಂಚಿನ ಉದ್ದಕ್ಕೂ ಬೈನಾಕ್ಯುಲರ್ ನಿಧಾನವಾಗಿ ಸರಿಸಿ. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು.

ಒಂದೇ ಕಡೆ ಗಿರಕಿ ಹೊಡೆಯುತ್ತಾ ಉಳಿದರೆ ಬಹುಶಃ ಅಲ್ಲಿನದೇ ಹಕ್ಕಿ. ವಲಸೆಯದು ಎತ್ತರ ಸಿಕ್ಕ ಕೂಡಲೇ ಒಂದೇ ದಿಕ್ಕಿಗೆ ಜಾರಿ ಹೋಗುತ್ತದೆ. ಗುರುತಾಗದಿದ್ದರೆ ಸುಮ್ನೆ ಹೆಸರು ಹಚ್ಚಬೇಡಿ, ‘ಬಝರ್ಡ್ ತರಹದ್ದು’ ಅಂತ ಬರೆದಿಡಿ. ಪಳಗಿದ ಎಣಿಕೆದಾರರ ಪಟ್ಟಿಯಲ್ಲೂ ಗುರುತಾಗದ ಹಕ್ಕಿಗಳಿಗೆ ಬೇರೆ ಅಂಕಣವೇ ಇರುತ್ತದೆ.