ಓದುಗರ ಪ್ರಶ್ನೆ: ದಿನಾ ಮಾತಾಡುವ ಮಗಳಿಗೆ ಕಾಗದ ಯಾಕೆ?

ಪ್ರಶ್ನೆ: ಮಗಳು ಓದಲು ದೂರ ಹೋಗಿದ್ದಾಳೆ. ದಿನಾ ಫೋನ್, ಮೆಸೇಜ್ ಎಲ್ಲ ಇದೆ. ಆದರೂ ಒಂದು ಕಾಗದ ಬರೆಯಬೇಕೆಂದು ಆಸೆ. ಹೊಸದಾಗಿ ಏನು ಬರೆಯಲಿ? ನನ್ನ ಅಕ್ಷರವೋ ಕಾಗೆ ಕಾಲು, ಗುಬ್ಬಿ ಕಾಲು. ಟೈಪ್ ಮಾಡಿ ಪ್ರಿಂಟ್ ತೆಗೆದು ಕಳಿಸಿದರೆ ಸಾಲದೆ?
– ಒಬ್ಬ ತಾಯಿ

ಉತ್ತರ: ಖಂಡಿತ ಬರೆಯಿರಿ, ಕೈಯಲ್ಲೇ ಬರೆಯಿರಿ. ಊಟ ಆಯ್ತಾ, ಪರೀಕ್ಷೆ ಯಾವಾಗ ಎಂದು ಕೇಳಲು ಫೋನ್ ಸಾಕು. ಸುದ್ದಿ ಹೊರುವ ಕೆಲಸ ಕಾಗದಕ್ಕೆ ತಪ್ಪಿದ್ದು ಒಳ್ಳೆಯದೇ ಆಯಿತು. ಫೋನ್‌ನಲ್ಲಿ ಬಾಯಿಗೆ ಬಾರದ ಮಾತಿಗೆ ಈಗ ಅಲ್ಲಿ ಜಾಗವಿದೆ.

ನನ್ನ ಅಕ್ಕ ಬರೆದ ಒಂದು ಕಾಗದವನ್ನು ಇಟ್ಟುಕೊಂಡಿದ್ದೇನೆ. ಎರಡನೇ ಸಾಲಿನಲ್ಲಿ ‘ಇಲ್ಲಿ ಒಬ್ಬಳಿಗೇ ಬೇಜಾರು’ ಎಂದು ಬರೆದು, ಅದನ್ನು ಹೊಡೆದುಹಾಕಿ, ಮೇಲೆ ‘ಇಲ್ಲಿ ಎಲ್ಲ ಚೆನ್ನಾಗಿದೆ’ ಎಂದಿದ್ದಾಳೆ. ಎಷ್ಟು ಒತ್ತಿ ಗೀಟು ಎಳೆದಿದ್ದಾಳೆಂದರೆ ಹಾಳೆಯ ಹಿಂಬದಿ ಉಬ್ಬಿದೆ. ಬೆಳಕಿಗೆ ಹಿಡಿದರೆ ಅಳಿಸಿದ ಮಾತು ಈಗಲೂ ಓದಲು ಬರುತ್ತದೆ. ಮೆಸೇಜ್ ಆಗಿದ್ದರೆ ನನಗೆ ಎರಡನೆಯ ಮಾತು ಮಾತ್ರ ಸಿಗುತ್ತಿತ್ತು, ನಾನೂ ನಂಬಿ ಸುಮ್ನೆ ಇರುತ್ತಿದ್ದೆ. ಆ ಕಾಗದ ಓದಿದ ವಾರವೇ ಅವಳನ್ನು ನೋಡಲು ಹೋದೆ.

ಪ್ರಿಂಟ್ ತೆಗೆಯುವ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ವಿಂಡೊಲಾಂಡ ಎಂಬ ಹಳೆಯ ರೋಮನ್ ಕೋಟೆ ಇದೆ. ಅಲ್ಲಿನ ಮಣ್ಣಿನಲ್ಲಿ ತೆಳ್ಳನೆಯ ಮರದ ಹಾಳೆಗಳ ಮೇಲೆ ಶಾಯಿಯಲ್ಲಿ ಬರೆದ ಓಲೆಗಳು ಸಿಕ್ಕಿವೆ. ಸುಮಾರು ಕ್ರಿ.ಶ. 100ರ ಒಂದು ಓಲೆಯಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿ ಸಲ್ಪಿಸಿಯಾ ಲೆಪಿಡಿನಾಳನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಓಲೆಯ ಹೆಚ್ಚಿನ ಭಾಗ ಬರೆಯುವವನೊಬ್ಬನ ನೀಟಾದ ಅಕ್ಷರದಲ್ಲಿದೆ. ಕೊನೆಯಲ್ಲಿ ಮಾತ್ರ ಅಕ್ಷರ ಬದಲಾಗುತ್ತದೆ. ನಿನ್ನ ದಾರಿ ಕಾಯುತ್ತಿರುತ್ತೇನೆ ತಂಗಿ ಎಂಬ ಅರ್ಥದ ಸಾಲುಗಳನ್ನು ಸೆವೆರಾ ತಾನೇ ಬರೆದಿದ್ದಾಳೆ. ಲ್ಯಾಟಿನ್‌ನಲ್ಲಿ ಹೆಣ್ಣೊಬ್ಬಳ ಕೈಬರಹವೆಂದು ಗೊತ್ತಿರುವ ತೀರ ಹಳೆಯ ಬರಹಗಳಲ್ಲಿ ಇದೂ ಒಂದು. ಕರೆಯುವ ವಿಷಯವೆಲ್ಲ ಆಗಲೇ ಬರೆದಾಗಿತ್ತು. ಆದರೂ ಅವಳಿಗೆ ಲೇಖನಿ ಹಿಡಿಯಬೇಕೆನಿಸಿತು.

ನೀವೂ ಬೇಕಿದ್ದರೆ ಹಾಗೇ ಮಾಡಿ. ಉದ್ದದ ವಿಷಯ ಟೈಪ್ ಮಾಡಿ, ಕೊನೆಯ ಸಾಲುಗಳನ್ನಾದರೂ ಕೈಯಲ್ಲಿ ಬರೆಯಿರಿ. ಅಕ್ಷರದ ಚಿಂತೆ ಬಿಡಿ. ಚಿಕ್ಕವಳಿದ್ದಾಗ ಅವಳ ಪುಸ್ತಕಗಳ ಮೇಲೆ ಹೆಸರು ಬರೆದುಕೊಟ್ಟವರು ನೀವೇ ಅಲ್ವಾ? ಅವಳಿಗೆ ಆ ಅಕ್ಷರ ಗೊತ್ತು. ದೊಡ್ಡ ಮಾತೇ ಬೇಕೆಂದಿಲ್ಲ. ಅವಳು ಹೊರಟ ಮೇಲೆ ಮನೆ ಹೇಗಿದೆ, ಅವಳ ಯಾವ ಗುಣ ನಿಮಗೆ ಧೈರ್ಯ ಕೊಡುತ್ತದೆ ಎಂದು ಬರೆದರೂ ಸಾಕು. ಮೇಲೆ ತಾರೀಖು ಹಾಕುವಾಗ ಇಸವಿಯನ್ನೂ ಬರೆಯಿರಿ.

ಪ್ರಶ್ನೆ: ತಾತನ ಹಳೆಯ ಕಾಗದಗಳು ಹರಿಯುತ್ತಿವೆ. ಲ್ಯಾಮಿನೇಷನ್ ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ, ಕಾಗದವೂ ಹಾಳಾಗುತ್ತದೆ. ಸೆಲೋಟೇಪ್ ಕೂಡ ಬೇಡ, ಅದರ ಅಂಟು ಕಾಲ ಕಳೆದಂತೆ ಹಳದಿ ಕಲೆ ಬಿಡುತ್ತದೆ. ಗುಂಡುಪಿನ್ನು ಇದ್ದರೆ ತುಕ್ಕು ಹಿಡಿಯುವ ಮೊದಲು ನಿಧಾನವಾಗಿ ತೆಗೆಯಿರಿ. ಹಗಲಿನಲ್ಲಿ ಒಂದೊಂದರ ಫೋಟೋ ತೆಗೆದುಕೊಳ್ಳಿ. ಆಮೇಲೆ ಮಡಿಕೆ ಬಿಡಿಸಿ, ಒಣಗಿದ ಕತ್ತಲ ಜಾಗದಲ್ಲಿ ಚಪ್ಪಟೆಯಾಗಿಡಿ. ಬೆಳಕಿಗೆ ಶಾಯಿ ಮಾಸುತ್ತದೆ. ಕಾಗದದಲ್ಲಿ ಬರುವ ಹೆಸರುಗಳು ಯಾರವೆಂದು ಮನೆಯ ಹಿರಿಯರನ್ನು ಈ ವಾರವೇ ಕೇಳಿ, ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.