ಸುಬೇದಾರರ ಮಗಳಿಗೆ ಬಂದ ಕೆಲಸ

ಕೊಡಗಿನ ಅಮ್ಮತ್ತಿ ಕಡೆಯ ನಿವೃತ್ತ ಸುಬೇದಾರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು. ಮಗಳಿಗೆ 25 ವರ್ಷ. ಪೈಲಟ್ ಲೈಸೆನ್ಸ್ ಸಿಕ್ಕಿ ಎರಡು ವರ್ಷವಾಯಿತು. ದೊಡ್ಡ ಏರ್‌ಲೈನ್‌ಗಳಿಂದ ಕರೆ ಬಂದಿಲ್ಲ. ಈಗ ಖಾಸಗಿ ಜೆಟ್‌ಗಳನ್ನು ಬಾಡಿಗೆಗೆ ಬಿಡುವ ದೆಹಲಿಯ ಚಾರ್ಟರ್ ಕಂಪನಿಯೊಂದು ಕೋ-ಪೈಲಟ್ ಕೆಲಸ ಕೊಡುತ್ತೇವೆ ಎಂದಿದೆ. ಮೂರು ವರ್ಷದ ಬಾಂಡ್. ನಡುವೆ ಬಿಟ್ಟರೆ 30 ಲಕ್ಷ ಕಟ್ಟಬೇಕು. ಸಹಿ ಮಾಡಿದ ಮೂರು ಖಾಲಿ ಚೆಕ್, ಒರಿಜಿನಲ್ ಸರ್ಟಿಫಿಕೇಟು, ಜೊತೆಗೆ ಅಪ್ಪನ ಜಾಮೀನು. ‘ಇದು ಶ್ರೀಮಂತರ ಟ್ಯಾಕ್ಸಿ ಓಡಿಸುವ ಕೆಲಸ ಅಲ್ವಾ? ಇದಕ್ಕಾ ತೋಟದ ಮೇಲೆ ಸಾಲ ಮಾಡಿ ಓದಿಸಿದ್ದು?’ ಎಂದು ಕೇಳಿದ್ದಾರೆ.

ಸುಬೇದಾರರೇ,

ಮೊದಲು ಟ್ಯಾಕ್ಸಿ ಮಾತು ಮುಗಿಸಿಬಿಡೋಣ. ಹೌದು, ಟ್ಯಾಕ್ಸಿಯೇ. ಇಂಥ ಕಂಪನಿಗಳಿಗೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಡಿಜಿಸಿಎ ಕೊಡುವ ಪರ್ಮಿಟ್‌ನ ಹೆಸರೇ ‘ನಾನ್-ಶೆಡ್ಯೂಲ್ಡ್’, ಅಂದರೆ ವೇಳಾಪಟ್ಟಿ ಇಲ್ಲದ್ದು. ಏರ್‌ಲೈನ್ ಅಂದರೆ ಮಡಿಕೇರಿ–ಮೈಸೂರು ಕೆಂಪು ಬಸ್ಸು. ಜನ ಇರಲಿ ಬಿಡಲಿ, ಹೊತ್ತಿಗೆ ಹೊರಡಬೇಕು. ಚಾರ್ಟರ್ ಅಂದರೆ ಬಾಡಿಗೆ ಜೀಪು. ಕರೆದಾಗ, ಕರೆದ ಕಡೆಗೆ. ಅದರಲ್ಲಿ ಕೀಳೇನಿದೆ?

ನಿಮ್ಮ ಮನಸ್ಸಿನಲ್ಲಿ ಇರುವುದು ಏರ್ ಫೋರ್ಸ್ ಇರಬೇಕು. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ವೃತ್ತ ಸುತ್ತಿಕೊಂಡೇ ಓಡಾಡುವವರು ನಾವು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತಮ್ಮ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಹೊಡೆದು, ವಾಪಸು ಬಾರದವರು ಅವರು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಆ ಸೇರಿನಲ್ಲಿ ಅಳೆದರೆ ನನ್ನ ಕೆಲಸವೂ, ನಿಮ್ಮ ಪಕ್ಕದ ಮನೆಯವರ ಕೆಲಸವೂ ಸಣ್ಣದೇ. ಮಗಳನ್ನು ಅದರಲ್ಲಿ ಅಳೆಯಬೇಡಿ.

ಕಾಯಲಿ ಎನ್ನುತ್ತೀರಾ? ಕಾಯಬಹುದು. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಪೇಪರಿನಲ್ಲಿ ಓದಿ ಎಲ್ಲ ಅಪ್ಪ ಅಮ್ಮಂದಿರೂ ಖುಷಿಪಟ್ಟರು. ಆದರೆ ಆ ವಿಮಾನಗಳು ಬರುವುದು ವರ್ಷಗಟ್ಟಲೆ, ಒಂದೊಂದಾಗಿ. ಅದೇ 2023ರಲ್ಲಿ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಲೈಸೆನ್ಸ್‌ಗಳು 1,600ಕ್ಕೂ ಜಾಸ್ತಿ. ಅವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ನಿಮ್ಮ ಮಗಳ ಹಾಗೆ 200 ಗಂಟೆಯ ಹಾರಾಟ, ಮೈತುಂಬ ಸಾಲ. ಲೈಸೆನ್ಸು ಬೀರುವಿನಲ್ಲಿಟ್ಟರೆ ಹಾಗೇ ಉಳಿಯುವ ವಸ್ತುವೂ ಅಲ್ಲ. ಮೆಡಿಕಲ್ ಪರೀಕ್ಷೆ, ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಲ್ಲ ವರ್ಷ ವರ್ಷ ಆಗಬೇಕು. ಹಾರದ ಕೈಗೆ ತುಕ್ಕು ಬೇರೆ. ಹಾಗಾಗಿ ಬಂದ ಕೆಲಸವನ್ನು ಹೆಸರು ನೋಡಿ ಒದೆಯುವುದು ನನಗೆ ಸರಿ ಕಾಣುವುದಿಲ್ಲ.

ಕೇಳಬೇಕಾದದ್ದು ಬೇರೆ ಇದೆ. ನಿಮ್ಮ ನಾಲ್ಕು ಪುಟದಲ್ಲಿ ಸಂಬಳ ಇದೆ, ಬಾಂಡ್ ಇದೆ, ವಿಮಾನದ ಹೆಸರೇ ಇಲ್ಲ. ‘ಎಂಟು ಸೀಟಿನದ್ದು’ ಎಂದಷ್ಟೇ ಬರೆದಿದ್ದೀರಿ. ಯಾವುದು ಎನ್ನುವುದರ ಮೇಲೆ ಅವಳ ಮುಂದಿನ ಹತ್ತು ವರ್ಷ ನಿಂತಿದೆ. ಕೆಲವು ಸಣ್ಣ ಜೆಟ್‌ಗಳು, ಕಿಂಗ್ ಏರ್ ಬಿ200ರಂಥ ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್‌ಗಳು, ಒಬ್ಬನೇ ಪೈಲಟ್ ಸಾಕು ಎಂದು ಸರ್ಟಿಫಿಕೇಟ್ ಪಡೆದಿರುತ್ತವೆ. ಅಂಥದ್ದರಲ್ಲಿ ಎರಡನೇ ಸೀಟಿನಲ್ಲಿ ಕೂತ ಗಂಟೆಗಳನ್ನು ಮೇಲಿನ ಲೈಸೆನ್ಸ್‌ಗೆ ಲೆಕ್ಕ ಹಿಡಿಯುವಾಗ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಲಿಯರ್‌ಜೆಟ್ 45, ಹಾಕರ್ 800ರಂಥವಕ್ಕೆ ಇಬ್ಬರು ಬೇಕೇ ಬೇಕು. ಅಂಥವುಗಳ ಕ್ಯಾಪ್ಟನ್ ಆಗಲು ಬೇಕಾದ ಆ ಮೇಲಿನ ಲೈಸೆನ್ಸ್, ಎಟಿಪಿಎಲ್‌ಗೆ, 1,500 ಗಂಟೆ ಆಗಬೇಕು. ಒಂದೇ ದುಡಿಮೆಗೆ ಅರ್ಧ ಕೂಲಿಯೋ ಪೂರ್ತಿ ಕೂಲಿಯೋ ಎನ್ನುವ ಪ್ರಶ್ನೆ ಇದು. ಈಗ ಅಲ್ಲಿರುವ ಕೋ-ಪೈಲಟ್‌ಗಳು ಹೋದ ವರ್ಷ ಎಷ್ಟು ಗಂಟೆ ಹಾರಿದರು ಎಂದೂ ಅವಳು ಕೇಳಲಿ. ಕಂಪನಿಯವರನ್ನಲ್ಲ, ಆ ಹುಡುಗರನ್ನೇ. ಎರಡೇ ವಿಮಾನ ಇರುವ ಕಡೆ ಒಂದು ರಿಪೇರಿಗೆ ನಿಂತರೆ ತಿಂಗಳುಗಟ್ಟಲೆ ನೆಲದ ಮೇಲೇ. ಹೂಮಳೆ ಬಿದ್ದು ಹೂ ಬಿಟ್ಟರೂ ಆಮೇಲಿನ ಮಳೆ ಕೈಕೊಟ್ಟು ಕಾಯಿ ಕಟ್ಟದ ವರ್ಷದ ಕಾಫಿ ನೀವು ನೋಡಿದ್ದೀರಲ್ಲ, ಹಾಗೆ.

ಇನ್ನು ನನಗೆ ನಿಜವಾಗಿ ಭಯ ಇರುವ ವಿಷಯ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು ಹೊಡೆಯುವ ಹುಡುಗರನ್ನು ಮಾತಾಡಿಸಿ. ಜೋರು ಮಳೆ, ಮಂಜು, ಹತ್ತಡಿ ಮುಂದೆ ಕಾಣುವುದಿಲ್ಲ. ಹಿಂದೆ ಕೂತವರು ‘ದುಡ್ಡು ಕೊಟ್ಟಿದ್ದೇವೆ, ಹೋಗಪ್ಪ’ ಎನ್ನುತ್ತಾರೆ. ಮಾಲೀಕ ಫೋನಿನಲ್ಲಿ ‘ನಿಧಾನಕ್ಕೆ ಹೋಗಿಬಿಡು’ ಎನ್ನುತ್ತಾನೆ. ಚಾರ್ಟರ್ ಪೈಲಟ್‌ನ ಪಾಡೂ ಇದೇ. ಹಿಂದೆ ಕೂತವರು ಮಂತ್ರಿಯೋ ಉದ್ಯಮಿಯೋ ಆಗಿರುತ್ತಾರೆ, ಅಷ್ಟೇ. ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಮೈನ್‌ಪುರಿ ಬಳಿ ಬಿತ್ತು. ಒಬ್ಬರೂ ಉಳಿಯಲಿಲ್ಲ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಮುಂಬೈಯ ಜಡಿಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಜಾರಿ ತುಂಡಾಯಿತು. ಪುಣ್ಯಕ್ಕೆ ಎಂಟೂ ಮಂದಿ ಬದುಕಿದರು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ‘ಆಗಲ್ಲ’ ಎಂದರೆ ಪ್ರಯಾಣಿಕರು ಕೌಂಟರಿನಲ್ಲಿ ಕೂಗಾಡುತ್ತಾರೆ. ಇಲ್ಲಿ ಕೂಗಾಡುವವರು ಪೈಲಟ್‌ನ ಬೆನ್ನ ಹಿಂದೆಯೇ ಇರುತ್ತಾರೆ, ಮಾಲೀಕರ ನಂಬರೂ ಅವರ ಬಳಿ ಇರುತ್ತದೆ. ಅದಕ್ಕೇ ಮಗಳು ಇಂಟರ್‌ವ್ಯೂ ಮಾಡಿದವರನ್ನು ಒಂದು ಮಾತು ಕೇಳಲಿ: ಹವೆ ಸರಿಯಿಲ್ಲ ಎಂದು ನಿಮ್ಮ ಪೈಲಟ್‌ಗಳು ಕೊನೆಯ ಸಲ ಟ್ರಿಪ್ ಬಿಟ್ಟದ್ದು ಯಾವಾಗ? ಆಮೇಲೆ ಅವರಿಗೆ ಏನಾಯಿತು? ‘ನಮ್ಮಲ್ಲಿ ಹಾಗೆ ಆಗುವುದೇ ಇಲ್ಲ’ ಎಂಬ ಉತ್ತರ ಬಂದರೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲಿ.

ಬಾಂಡ್ ಅನ್ಯಾಯ ಎಂದು ಬರೆದಿದ್ದೀರಿ. ಅಷ್ಟು ಸಲೀಸಾಗಿ ನಾನು ಒಪ್ಪುವುದಿಲ್ಲ. ಒಂದೊಂದು ಮಾದರಿಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಬೇರೆ ತರಬೇತಿ ಬೇಕು. ಸಿಮ್ಯುಲೇಟರ್‌ಗೆ ಎಷ್ಟೋ ಸಲ ವಿದೇಶಕ್ಕೇ ಕಳಿಸಬೇಕು. ಲಕ್ಷಗಟ್ಟಲೆ ಸುರಿದ ಕಂಪನಿ ‘ಕಲಿತು ಓಡಿಹೋಗಬೇಡ’ ಎನ್ನುವುದು ಸಹಜ. ಕೋರ್ಟೂ ಬಾಂಡ್ ಎಂದ ಕೂಡಲೇ ಕಿತ್ತೆಸೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ, 2 ಲಕ್ಷದ ಬಾಂಡನ್ನು ಎತ್ತಿಹಿಡಿಯಿತು. ಆದರೆ ಆ ಮೊತ್ತ 2 ಲಕ್ಷ, ನಿಮ್ಮದು 30. ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಕಾಗದದಲ್ಲಿ ಬರೆದದ್ದೆಲ್ಲ ಹಾಗೇ ಸಿಗಬೇಕೆಂದಿಲ್ಲ. ತರಬೇತಿಯ ನಿಜವಾದ ಖರ್ಚು ಎಷ್ಟು ಎಂದು ಬರೆಸಿಕೊಳ್ಳಿ. ಆ ಮೊತ್ತ ತಿಂಗಳು ತಿಂಗಳು ಇಳಿಯಬೇಕು. 36 ತಿಂಗಳಲ್ಲಿ 18 ದುಡಿದರೆ ಅರ್ಧ ಕಳೆಯಬೇಕು. ಕಂಪನಿ ವಿಮಾನ ಮಾರಿದರೆ, ಪರ್ಮಿಟ್ ಕಳೆದುಕೊಂಡರೆ, ಸಂಬಳ ನಿಲ್ಲಿಸಿದರೆ ಬಾಂಡ್ ಅಲ್ಲಿಗೆ ಮುಗಿಯಬೇಕು. ಆರು ತಿಂಗಳಿಗೊಮ್ಮೆ ಆಗುವ ಪೈಲಟ್‌ನ ಹಾರಾಟದ ಪರೀಕ್ಷೆಯ ಖರ್ಚು ಯಾರದು ಎಂದೂ ಬರೆದಿರಲಿ.

ಖಾಲಿ ಚೆಕ್ ಮಾತ್ರ ಬೇಡವೇ ಬೇಡ. ಸಹಿ ಮಾಡಿ ಕೈಗೆ ಕೊಟ್ಟ ಖಾಲಿ ಚೆಕ್‌ನಲ್ಲಿ ಮೊತ್ತ ತುಂಬಿಕೊಂಡರೂ ಕಾನೂನು ಅದನ್ನು ಚೆಕ್ ಎಂದೇ ನೋಡುತ್ತದೆ. ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಒರಿಜಿನಲ್ ಸರ್ಟಿಫಿಕೇಟೂ ಅಷ್ಟೇ. ತೋರಿಸಲಿ, ಜೆರಾಕ್ಸ್ ಕೊಡಲಿ. ನನ್ನ ಮೊದಲ ಕೆಲಸದಲ್ಲಿ ಹೀಗೇ ಮಾರ್ಕ್ಸ್ ಕಾರ್ಡ್ ಕೊಟ್ಟು ಎಂಟು ತಿಂಗಳು ಅಲೆದವನು ನಾನು. ಇನ್ನು ನಿಮ್ಮ ಜಾಮೀನು: ಈಗಾಗಲೇ ಒಂದು ಸಾಲ ಹೊತ್ತ ತೋಟಕ್ಕೆ ಇನ್ನೊಂದು ಹೊರಿಸಬೇಡಿ.

ಉಳಿದ ಕಷ್ಟಗಳು ಸಣ್ಣವು. ಬ್ಯಾಗು ಎತ್ತಿಡುವುದು, ಊಟದ ಡಬ್ಬ ಎಣಿಸುವುದು, ಡೀಸೆಲ್ ಬಂಕಿನಲ್ಲಿ ನಿಂತ ಹಾಗೆ ಇಂಧನದ ಗಾಡಿಗೆ ಕಾಯುವುದು, ಎಲ್ಲ ಕೋ-ಪೈಲಟ್ ತಲೆಗೇ ಬರುತ್ತದೆ. ಸೇನೆಗೆ ಹೊಸದಾಗಿ ಸೇರಿದ ರಂಗರೂಟ್ ದಿನಗಳು ನಿಮಗೆ ನೆನಪಿರಬೇಕು. ನಮ್ಮ ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಉತ್ತರದಲ್ಲಿ ಮದುವೆ ಸೀಸನ್. ಕದಿರು ತೆಗೆಯುವ ರಾತ್ರಿ ಅವಳು ಉದಯಪುರದಲ್ಲಿ ಯಾರದೋ ಬೀಗರಿಗೆ ಕಾಯುತ್ತಿರಬಹುದು. ಅದಕ್ಕೆ ಅವಳಮ್ಮನನ್ನು ಈಗಲೇ ತಯಾರು ಮಾಡಿ.

ನನ್ನನ್ನು ಕೇಳಿದರೆ, ಇಬ್ಬರು ಪೈಲಟ್ ಬೇಕಾದ ವಿಮಾನ, ಇಳಿಯುವ ಬಾಂಡ್, ಚೆಕ್ ಇಲ್ಲ ಎಂದಾದರೆ ಹೋಗಲಿ. ಮೊದಲೆರಡು ಸರಿಯಾಗಿ, ಖಾಲಿ ಚೆಕ್ ಬೇಕೆಂಬ ಷರತ್ತೊಂದೇ ಉಳಿದರೂ ಬೇಡ. ಸಹಿಗೆ ಮುಂಚೆ ಕಾಗದಗಳನ್ನು ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಒಬ್ಬ ವಕೀಲರಿಗೆ ತೋರಿಸಿ. ಕಂಪನಿಯ ಹೆಸರು ಡಿಜಿಸಿಎ ವೆಬ್‌ಸೈಟಿನ ಪರ್ಮಿಟ್ ಪಟ್ಟಿಯಲ್ಲಿದೆಯೇ ಎಂದು ಮಗಳು ಇವತ್ತೇ ನೋಡಲಿ. ಅಕಸ್ಮಾತ್ ನೀವು ಆಗಲೇ ಚೆಕ್‌ಗೆ ಸಹಿ ಹಾಕಿ ಕಳಿಸಿದ್ದರೆ ಇನ್ನೊಂದು ಕಾಗದ ಬರೆಯುತ್ತಾ ಕೂರಬೇಡಿ. ಕಚೇರಿಗೆ ಫೋನ್ ಮಾಡಿ.

— ಸಂಪಾದಕ